ಇಡೀ ಊರಿಗೆ ಕಾಣುವ ನಾನು ಆ ಬಿಳಿ ಕಾರಿಗೆ ಮಾತ್ರ ಕಾಣಲಿಲ್ಲವಂತೆ

ಇವತ್ತು ಬೆಳಿಗ್ಗೆ ಎಂಟೂ ನಲವತ್ತಕ್ಕೆ ಹುಬ್ಬಳ್ಳಿಯ ಭೈರಿದೇವರಕೊಪ್ಪದ ಹತ್ತಿರ ಒಂದು ಬಿಳಿ ಕಾರು ಎಡಗಡೆ ಸಂದಿಯಿಂದ ಮೂತಿ ಹೊರಗೆ ಹಾಕಿತು. ಒಳಗಿದ್ದ ಅಣ್ಣ ನನ್ನ ಕಡೆಗೇ ನೋಡಿದ. ನೋಡಿದ ಅಂದರೆ ನೋಡಿದ, ನಾನೇನು ಕನಸು ಕಂಡಿಲ್ಲ. ನೋಡಿ, ಆಮೇಲೆ ಆರಾಮವಾಗಿ ನನ್ನ ಮುಂದೆಯೇ ರಸ್ತೆಗೆ ಇಳಿದ. ಬೈಕಿನ ಎರಡೂ ಬ್ರೇಕ್ ಹಿಡಿದು ಅವನ ಬಾಗಿಲಿಗೆ ಒಂದು ಮೊಳ ದೂರ ಇರುವಾಗ ನಿಂತೆ. ಕೈಕಾಲು ನಡುಗುತ್ತಿದ್ದವು. ಪುಣ್ಯಾತ್ಮ ಗಾಜು ಇಳಿಸಿ ಹೇಳಿದ್ದೇನು ಗೊತ್ತಾ?

"ಕಾಣಲೇ ಇಲ್ಲರೀ ಅಕ್ಕಾರ."

ಅಷ್ಟೇ. ಗಾಜು ಏರಿತು, ಕಾರು ಹೋಯಿತು. ನಾನು ಮಾತ್ರ ಇಡೀ ದಿನ ಈ ಒಂದು ಮಾತನ್ನೇ ಅಗಿಯುತ್ತಾ ಕೂತಿದ್ದೇನೆ. ಸ್ಟಾಫ್ ರೂಮಿನಲ್ಲಿ ಹೇಳಿ ಹೇಳಿ ಅವರಿಗೂ ಸಾಕಾಗಿದೆ. ಈಗ ನಿಮ್ಮ ಸರದಿ.

ನನ್ನ ಕಥೆ ನಿಮಗೆಲ್ಲ ಗೊತ್ತೇ ಇದೆ. ಇವರಿಗೆ ಬಳ್ಳಾರಿಗೆ ವರ್ಗವಾಯಿತು, 2013ರ ಅವರ ನೂರೈವತ್ತು ಸಿಸಿ ಗಾಡಿ ಮನೆ ಮುಂದೆ ಹೊದಿಕೆ ಹೊದ್ದುಕೊಂಡು ಧೂಳು ತಿನ್ನುತ್ತಿತ್ತು. ನನಗೋ ಚಿಗರಿ ಬಸ್ ಇಳಿದು ಮತ್ತೆ ಆಟೊ ಹಿಡಿಯುವ ರಗಳೆ. ನಲವತ್ಮೂರನೇ ವಯಸ್ಸಿಗೆ ನವನಗರದ ಖಾಲಿ ಲೇಔಟಿನಲ್ಲಿ ಮೈದುನನ ಕೈಯಲ್ಲಿ ಬೈಸಿಕೊಂಡು ಗೇರ್ ಗಾಡಿ ಕಲಿತೆ. ಲೈಸೆನ್ಸ್ ಬಂದು ಏಳು ತಿಂಗಳು. ಬಿದ್ದದ್ದು ಎರಡು ಸಲ, ಎರಡೂ ನಮ್ಮ ಗೇಟಿನ ಮುಂದೆ, ನಿಂತಲ್ಲೇ.

ಈಗ ವಿಷಯಕ್ಕೆ ಬರುತ್ತೇನೆ. ಸೀರೆ ಉಟ್ಟ ಹೆಂಗಸು ಗೇರ್ ಗಾಡಿ ಮೇಲೆ ಕೂತರೆ ಹುಬ್ಬಳ್ಳಿ ಹೇಗೆ ನೋಡುತ್ತದೆ ಅಂತ ನಿಮಗೆ ಗೊತ್ತಿಲ್ಲ. ಉಣಕಲ್ ಸಿಗ್ನಲ್‌ನಲ್ಲಿ ನಿಂತರೆ ಆಟೊದವನು ನೋಡುತ್ತಾನೆ, ಆಟೊ ಒಳಗಿನ ಅಜ್ಜಿ ನೋಡುತ್ತಾಳೆ, ಪಕ್ಕದ ಸ್ಕೂಟರಿನ ಹಿಂದೆ ಕೂತ ಮಗು ತಲೆ ತಿರುಗಿಸಿ ನೋಡುತ್ತದೆ. "ಸ್ಕೂಟಿ ತಗೋಬೇಕಿತ್ತಲ್ರೀ ಮೇಡಂ" ಅಂತ ಸಲಹೆ ಬೇರೆ. ನಿಂತಾಗ ಇಷ್ಟು ಚೆನ್ನಾಗಿ ಕಾಣುವ ನಾನು ಓಡುವಾಗ ಮಾತ್ರ ಯಾರಿಗೂ ಕಾಣುವುದಿಲ್ಲ. ಇದು ಯಾವ ಸೀಮೆ ಕಣ್ಣು?

ಇನ್ನೊಂದು ಕೇಳಿ. 2017ರ ಏಪ್ರಿಲ್‌ನಿಂದ ಬಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಹಗಲಿನಲ್ಲೂ ಉರಿಯುತ್ತಲೇ ಇರುತ್ತದೆ, ಎದುರಿನವರಿಗೆ ಕಾಣಲಿ ಅಂತಲೇ. ನಮ್ಮದು ಹಳೆಯದು, ಹಾಗಾಗಿ ನಾನೇ ಲೈಟ್ ಹಾಕಿಕೊಂಡು ಹೋಗುತ್ತೇನೆ. ದಿನಕ್ಕೆ ಕಡಿಮೆ ಅಂದರೂ ಹತ್ತು ಜನ ಎದುರಿನಿಂದ ಬೆರಳು ಚಿವುಟಿ ಚಿವುಟಿ ತೋರಿಸುತ್ತಾರೆ. "ಲೈಟ್ ಹತ್ತೇತ್ರೀ!" ಅಂತ ಕೂಗುತ್ತಾರೆ. ಒಬ್ಬ ಮಹಾನುಭಾವ ರಾಂಗ್ ಸೈಡಿನಲ್ಲಿ ಬರುತ್ತಾ, ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈ ಬಿಟ್ಟು ನನಗೆ ಲೈಟ್ ತೋರಿಸಿದ! ಅಂದರೆ ಲೈಟ್ ಕಾಣುತ್ತದೆ. ಲೈಟ್ ಹಿಂದೆ ಒಬ್ಬಳು ಕೂತಿದ್ದಾಳೆ ಅನ್ನೋದು ಕಾಣುವುದಿಲ್ಲ.

ಮೈದುನನಿಗೆ ಫೋನ್ ಮಾಡಿ ಕೂಗಾಡಿದೆ. ಅವನು ಕಾರಿನವರ ಪರ ವಕೀಲಿ ಶುರು ಮಾಡಿದ. ಮುಂಗಾಜಿನ ಪಕ್ಕದ ಕಂಬ ಇರುತ್ತದಲ್ಲ, ಅದರ ಮರೆಯಲ್ಲಿ ಒಂದು ಇಡೀ ಬೈಕು ಅಡಗಿಬಿಡುತ್ತದೆ ವೈನೀ ಅಂದ. ನೇರವಾಗಿ ನಮ್ಮ ಕಡೆಗೇ ಬರುವ ವಸ್ತು ಆಚೆ ಈಚೆ ಸರಿದಂತೆ ಕಾಣುವುದಿಲ್ಲ, ನಿಂತಲ್ಲೇ ನಿಂತು ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತದೆ ಅಷ್ಟೇ, ಅದಕ್ಕೇ ವೇಗ ಗೊತ್ತಾಗುವುದಿಲ್ಲ, ಬೈಕು ಸಣ್ಣದು ಬೇರೆ, ಇನ್ನೂ ದೂರ ಇದೆ ಅನ್ನಿಸುತ್ತದೆ ಅಂದ. ಎಲ್ಲಾ ಸರಿ. ಒಪ್ಪಿದೆ. ಹಾಗಾದರೆ ತಲೆ ಸ್ವಲ್ಪ ಮುಂದೆ ಚಾಚಿ ಎರಡನೇ ಸಲ ನೋಡೋದಕ್ಕೆ ಏನು ರೋಗ? ಕಂಬ ಕಾರಿಗೆ ಹುಟ್ಟಿನಿಂದಲೇ ಇದೆ, ಇವತ್ತು ಬೆಳಿಗ್ಗೆ ಬೆಳೆದದ್ದಲ್ಲ. ಬೈಕಿನಲ್ಲಿ ಬರುವವಳು ಕಂಬಕ್ಕೂ ಲೆಕ್ಕ ಇಟ್ಟುಕೊಂಡು ಬರಬೇಕು, ಎಸಿ ಹಾಕಿಕೊಂಡು ಕೂತವನು ಕುತ್ತಿಗೆ ತಿರುಗಿಸಬಾರದು, ಅಲ್ವಾ?

ಆದರೂ ಲೆಕ್ಕ ಇಟ್ಟುಕೊಂಡೇ ಹೋಗುತ್ತೇನೆ. ಬೇರೆ ದಾರಿ ಇಲ್ಲ. ಇವತ್ತು ನಾನು ಉಳಿದದ್ದು ಅವನ ಮುಖ ನೋಡಿ ಅಲ್ಲ, ಅವನ ಮುಂದಿನ ಗಾಲಿ ನೋಡಿ. ಮುಖ ಮೋಸ ಮಾಡುತ್ತದೆ. ಕಣ್ಣು ನಮ್ಮ ಮೇಲಿರುತ್ತದೆ, ಮನಸ್ಸು ಮನೆಯಲ್ಲಿ ಬಿಟ್ಟು ಬಂದ ಡಬ್ಬಿ ಮೇಲಿರುತ್ತದೆ. ಗಾಲಿ ಒಂದು ಇಂಚು ಉರುಳಿದರೂ ಗೊತ್ತಾಗಿಬಿಡುತ್ತದೆ. ಸಂದಿಯಲ್ಲಿ ಕಾರು ಕಂಡ ಕೂಡಲೇ ಥ್ರಾಟಲ್ ಬಿಟ್ಟು, ಸ್ವಲ್ಪ ಬಲಕ್ಕೆ ಸರಿದು, ಎರಡು ಬೆರಳು ಮುಂದಿನ ಬ್ರೇಕಿನ ಮೇಲೆ ಇಟ್ಟಿದ್ದೆ. ನನ್ನ ಸ್ಪೀಡು ನಲವತ್ತು. ನಲವತ್ತು ಅಂದರೆ ಸೆಕೆಂಡಿಗೆ 11 ಮೀಟರ್. ಬೆರಳು ಬ್ರೇಕಿಗೆ ಹೋಗಲು ಅರ್ಧ ಸೆಕೆಂಡು ತಡವಾಗಿದ್ದರೆ ಐದೂವರೆ ಮೀಟರ್ ಮುಂದೆ ಹೋಗಿರುತ್ತಿದ್ದೆ, ಅಂದರೆ ಅವನ ಕಾರಿನ ಉದ್ದಕ್ಕಿಂತ ಜಾಸ್ತಿ. ಒಂದು ಮೊಳ ದೂರದಲ್ಲಿ ನಿಂತೆ ಅಂದೆನಲ್ಲ, ನೀವೇ ಲೆಕ್ಕ ಹಾಕಿ.

ಬ್ರೇಕ್ ಅಂದಕೂಡಲೇ ನೆನಪಾಯಿತು. ನನಗೆ ಗಾಡಿ ಕಲಿಸುವಾಗ ಊರಿನವರೆಲ್ಲ ಹೇಳಿದ್ದು ಒಂದೇ. "ಮುಂದಿನ ಬ್ರೇಕ್ ಮುಟ್ಟಬ್ಯಾಡವಾ, ಪಲ್ಟಿ ಹೊಡೀತೀ." ಮೊದಲ ಎರಡು ತಿಂಗಳು ಅದನ್ನೇ ನಂಬಿ ಬರೀ ಹಿಂದಿನದನ್ನು ತುಳಿಯುತ್ತಿದ್ದೆ. ಗಾಡಿ ನಿಲ್ಲುತ್ತಲೇ ಇರಲಿಲ್ಲ, ಹಿಂದಿನ ಗಾಲಿ ಹಾವಿನ ಹಾಗೆ ಹೊರಳುತ್ತಿತ್ತು. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ, ಹಾಗಾಗಿ ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನದೇ. ಹ್ಯಾಂಡಲ್ ನೇರ ಇರಬೇಕು, ಒಮ್ಮೆಲೇ ಜಗ್ಗಬಾರದು, ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡುತ್ತಾ ಹೋಗಬೇಕು. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ, ಅಂದರೆ ಗಾಲಿ ಲಾಕ್ ಆಗಿ ಜಾರದ ಹಾಗೆ ಬ್ರೇಕನ್ನು ತಾನೇ ಬಿಟ್ಟು ಬಿಟ್ಟು ಹಿಡಿಯುವ ವ್ಯವಸ್ಥೆ. ನಮ್ಮ ಗಾಡಿಗೆ ಎಬಿಎಸ್ಸೂ ನಾನೇ. ಆ ಖಾಲಿ ಲೇಔಟಿಗೆ ಈಗಲೂ ಭಾನುವಾರ ಹೋಗಿ ಬ್ರೇಕ್ ಹಾಕಿ ಹಾಕಿ ಬರುತ್ತೇನೆ. ಅಲ್ಲಿನ ನಾಯಿಗಳಿಗೂ ನಾನು ಪರಿಚಯ.

"ಇಷ್ಟು ಹೆದರಿಕೆ ಇದ್ದರೆ ಚಿಗರಿಯಲ್ಲೇ ಹೋಗು" ಅಂತ ನಮ್ಮಕ್ಕ. ಹೆದರಿಕೆ ಇಲ್ಲ ಅಂತ ಯಾರು ಹೇಳಿದರು? ಹೆದರಿಕೊಂಡೇ ಓಡಿಸುತ್ತೇನೆ. ಹೆದರಿಕೆ ಇರುವುದಕ್ಕೇ ನಿಂತ ಕಾರುಗಳ ಪಕ್ಕ ಹೋಗುವಾಗ ಒಂದು ಬಾಗಿಲಿನಷ್ಟು ಜಾಗ ಬಿಟ್ಟು ಹೋಗುತ್ತೇನೆ. ಲಾರಿ ಕನ್ನಡಿಯಲ್ಲಿ ಡ್ರೈವರನ ಮುಖ ನನಗೆ ಕಾಣದಿದ್ದರೆ ಅವನಿಗೆ ನಾನೂ ಕಾಣುವುದಿಲ್ಲ, ಅಂಥಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ, ಒಂದೋ ಹಿಂದೆ ಉಳಿಯುತ್ತೇನೆ ಇಲ್ಲಾ ಪೂರ್ತಿ ದಾಟುತ್ತೇನೆ. ಹೆಲ್ಮೆಟ್ಟನ್ನು ಮೊಣಕೈಗೆ ಬಳೆ ಹಾಕಿದ ಹಾಗೆ ಹಾಕಿಕೊಂಡು ಹೋಗುವ ಧೀರರು ನನ್ನನ್ನು ನೋಡಿ ನಗುತ್ತಾರೆ. ನಗಲಿ.

ಒಂದು ವಿಷಯ ಹೇಳದೆ ಮುಗಿಸಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಹೋದ ಶುಕ್ರವಾರ ಧಾರವಾಡದಲ್ಲಿ, ಲೈನ್ ಬಜಾರಿನ ಹತ್ತಿರ ಬಲಕ್ಕೆ ತಿರುಗಿದೆ. ಕನ್ನಡಿ ನೋಡಿದೆ, ಇಂಡಿಕೇಟರ್ ಹಾಕಿದೆ, ಭುಜದ ಮೇಲಿಂದ ತಿರುಗಿ ನೋಡಲಿಲ್ಲ. ಸೈಕಲ್ಲಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದ ಒಬ್ಬ ಕಾಕಾ ಕಾಲು ಊರಿ ಹೇಗೋ ಸೈಕಲ್ ನಿಲ್ಲಿಸಿಕೊಂಡರು. ನನ್ನ ಬಾಯಿಂದ ಬಂದದ್ದು ಏನು?

"ಕಾಣಲಿಲ್ರೀ ಕಾಕಾ."

ಯೋಚನೆ ಮಾಡಿ ಹೇಳಿದ್ದಲ್ಲ. ಮಾತು ಬಾಯಲ್ಲಿ ತಯಾರೇ ಇತ್ತು. ಕಾಕಾ ಬೈಯಲಿಲ್ಲ. ಕ್ಯಾನಿನ ಮುಚ್ಚಳ ಒತ್ತಿ ನೋಡಿದರು, ಕೆಳಗೆ ಹಾಲು ಸೋರಿದೆಯಾ ಅಂತ ಬಗ್ಗಿ ನೋಡಿದರು, ಹೋದರು. ನನಗೆ ಕೈ ಮುಗಿಯುವುದಕ್ಕೂ ಬಿಡಲಿಲ್ಲ.

ಹಾಗಂತ ಬಿಳಿ ಕಾರಿನವನನ್ನು ಬಿಟ್ಟುಬಿಟ್ಟೆ ಅಂದುಕೊಳ್ಳಬೇಡಿ. ನನ್ನ ತಪ್ಪು ನನಗೆ, ಅವನದು ಅವನಿಗೆ. ಅವನ ಹಾಗೆ ಗಾಜು ಏರಿಸಿಕೊಂಡು ಹೋಗಲಿಲ್ಲ ನಾನು. (ಏರಿಸಲು ಗಾಜು ಇರಲಿಲ್ಲ ಅನ್ನೋದು ಬೇರೆ ಮಾತು.)

ಈಗಷ್ಟೇ ಬಳ್ಳಾರಿಯಿಂದ ಫೋನ್ ಬಂದಿತ್ತು. ಪೂರ್ತಿ ಕಥೆ ಹೇಳಿದೆ. ಸಮಾಧಾನವಾಗಿ ಕೇಳಿ, ನಮ್ಮ ಯಜಮಾನರು ಅಂದದ್ದು, "ಅದಿರಲಿ, ಹಗಲೊತ್ತಿನ್ಯಾಗ ಲೈಟ್ ಹಾಕ್ಕೊಂಡು ಅಡ್ಡಾಡಬ್ಯಾಡ, ಬಲ್ಬು ಸುಡ್ತದ."

ಸುಡಲಿ. ನಾಳೆಯೂ ಹಾಕಿಕೊಂಡೇ ಹೋಗುತ್ತೇನೆ. ಎಂಟೂ ನಲವತ್ತಕ್ಕೆ ಭೈರಿದೇವರಕೊಪ್ಪ.