"ನಾವಿದ್ದೀವಲ್ಲ" ಅಂದರೆ ಸಾಲದು

ಬೆನ್ನುಹುರಿಗೆ ಪೆಟ್ಟಾದವರ ಮೇಲೆ ಬೆಂಗಳೂರಿನಲ್ಲಿ ಪ್ರೀತಿಗೇನೂ ಕಡಿಮೆ ಇಲ್ಲ. ನನ್ನ ಚಿಕ್ಕಪ್ಪನ ಮಗನಿಗೆ ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲಿನ ಸ್ವಾಧೀನ ಹೋದ ಮೇಲೆ ವಿಜಯನಗರದ ಆ ಮನೆಗೆ ಬರದ ನೆಂಟರಿಲ್ಲ. ಮದುವೆಗೆ ಹೋದರೆ ಹುಡುಗರು ಓಡಿಬಂದು ವೀಲ್‌ಚೇರ್ ಸಮೇತ ಎತ್ತಿ ಛತ್ರದ ಮೆಟ್ಟಿಲು ಹತ್ತಿಸುತ್ತಾರೆ. ಆದರೆ ಅವನು ಮತ್ತೆ ಕೆಲಸಕ್ಕೆ ಹೋಗುತ್ತೇನೆ ಅಂದಾಗ ಅದೇ ಜನ, "ನಿಂಗ್ಯಾಕಪ್ಪ ಆ ಕಷ್ಟ, ಆರಾಮಾಗಿ ಮನೇಲಿರು, ನಾವಿದ್ದೀವಲ್ಲ" ಅಂದರು. ಅವನದು ಲೆಕ್ಕಪತ್ರದ ಕೆಲಸ. ಕೂತೇ ಮಾಡುವುದು, ಕೈಯೂ ತಲೆಯೂ ಚೆನ್ನಾಗೇ ಇವೆ!

ನಾನಿರುವ ಲಂಡನ್ನಿನಲ್ಲಿ ಇದು ಉಲ್ಟಾ. ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ, ಎತ್ತೋಕೆ ಯಾರೂ ಬರುವುದಿಲ್ಲ. ಆದರೆ ಕೆಲಸಕ್ಕೆ ವಾಪಸ್ ಹೋಗುವವರನ್ನು "ಯಾಕೆ" ಅಂತ ಕೇಳುವುದಿಲ್ಲ, "ಏನೇನು ಬೇಕು" ಅಂತ ಕೇಳುತ್ತಾರೆ. 'ಆಕ್ಸೆಸ್ ಟು ವರ್ಕ್' ಅನ್ನುವ ಸರ್ಕಾರಿ ಯೋಜನೆಯಲ್ಲಿ, ಬಸ್ಸು ರೈಲು ಹತ್ತಲಾಗದವರ ಟ್ಯಾಕ್ಸಿ ಖರ್ಚಿಗೆ, ಸಹಾಯಕರ ಸಂಬಳಕ್ಕೆ, ಬೇಕಾದ ಸಲಕರಣೆಗೆ ದುಡ್ಡು ಸಿಗುತ್ತದೆ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು, ಅದು ಬೇರೆ ಗೋಳು.

ಹಾಗಂತ ಎಲ್ಲದರಲ್ಲೂ ಅವರೇ ಮುಂದಿಲ್ಲ. ಲಂಡನ್ನಿನ ಸುರಂಗ ರೈಲು 1863ರದ್ದು, ಇವತ್ತಿಗೂ ಅರ್ಧಕ್ಕಿಂತ ಜಾಸ್ತಿ ನಿಲ್ದಾಣಗಳಲ್ಲಿ ಮೆಟ್ಟಿಲು ಇಳಿಯದೆ ದಾರಿಯಿಲ್ಲ. 2011ರಲ್ಲಿ ಶುರುವಾದ ನಮ್ಮ ಮೆಟ್ರೋ ಲಿಫ್ಟ್ ಇಟ್ಟುಕೊಂಡೇ ಹುಟ್ಟಿತು. ನಮ್ಮ ತೊಂದರೆಯೆಲ್ಲ ಆ ಲಿಫ್ಟಿನಿಂದ ಹೊರಗೆ ಬಂದ ಮೇಲೆ. ಎತ್ತರದ ಫುಟ್‌ಪಾತ್, ಅದರ ನಡುವೆ ಟ್ರಾನ್ಸ್‌ಫಾರ್ಮರ್, ಎದ್ದುಹೋದ ಚಪ್ಪಡಿ, ಮೇಲೆ ನಿಲ್ಲಿಸಿದ ಬೈಕು.

ಇನ್ನು ಯಾರೂ ಬಾಯಿ ಬಿಡದ ವಿಷಯ, ಟಾಯ್ಲೆಟ್. ಬೆನ್ನುಹುರಿಗೆ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಮೂತ್ರದ ಹಿಡಿತವೂ ತಪ್ಪುತ್ತದೆ. ತುಂಬಾ ಜನ ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ಕ್ಯಾತಿಟರ್, ಅಂದರೆ ಮೂತ್ರ ಹೊರತೆಗೆಯುವ ಸಣ್ಣ ಕೊಳವೆ, ಹಾಕಿಕೊಳ್ಳಬೇಕು. ಆಫೀಸಿನ ಹೊತ್ತು, ಮೇಲೆ ನಮ್ಮೂರ ಟ್ರಾಫಿಕ್ಕು, ಎಲ್ಲ ಸೇರಿದರೆ ಹೊರಗಿದ್ದಾಗ ಎರಡು ಸಲವಂತೂ ಬೇಕೇ ಬೇಕು. ಬಾಗಿಲು ಅಗಲವಿಲ್ಲ, ಒಳಗೆ ಕುರ್ಚಿ ತಿರುಗುವುದಿಲ್ಲ ಅಂದರೆ ಏನು ಮಾಡುತ್ತಾರೆ? ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಮೇಲೆ ಸೋಂಕು, ಜ್ವರ, ರಜೆ, ಕೊನೆಗೆ "ಇವರ ಕೈಲಿ ಆಗಲ್ಲ ಬಿಡಿ" ಅನ್ನುವ ಮಾತು. ನಮ್ಮ ಹುಡುಗನ ಹಳೇ ಆಫೀಸಿನವರು ಒಳ್ಳೆಯವರೇ, "ಬನ್ನಿ, ನಮ್ಮ ಹುಡುಗರು ಎತ್ತುತ್ತಾರೆ" ಅಂದರು. ಟಾಯ್ಲೆಟ್ಟಿಗೂ ಹುಡುಗರನ್ನೇ ಕರೆಯಬೇಕಾ? ಅದು ಬೇಡ ಅಂದರೆ ವರ್ಕ್ ಫ್ರಮ್ ಹೋಮ್. ಕೆಲವರಿಗೆ ಅದು ಅನುಕೂಲ, ಒಪ್ಪುತ್ತೇನೆ. ಆದರೆ ಇವನಿಗೆ ಬೇಕಾಗಿದ್ದು ಬರೀ ಸಂಬಳ ಅಲ್ಲ, ನಾಲ್ಕು ಜನರ ಜೊತೆ ಕಾಫಿ, ಹರಟೆ, ಜಗಳ.

ಕಾನೂನಿಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ನೌಕರನಿಗೆ ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದರೆ ಅದೇ ಕಾರಣಕ್ಕೆ ತೆಗೆಯುವ ಹಾಗಿಲ್ಲ, ಹಳೇ ಕೆಲಸ ಆಗದಿದ್ದರೆ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಆದರೆ ಆ ರಕ್ಷಣೆ ಸರ್ಕಾರಿ ನೌಕರರಿಗೆ ಮಾತ್ರ. ಬೆಂಗಳೂರಿನಲ್ಲಿ ಖಾಸಗಿ ಕಂಪನಿಗಳಲ್ಲಿ ದುಡಿಯುವವರೇ ಜಾಸ್ತಿ ಅಲ್ವಾ? 1959ರಲ್ಲಿ ಶುರುವಾದ, ಲಿಂಗರಾಜಪುರದ ಎಪಿಡಿಯಂಥ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಗಳು ಅಂಗವಿಕಲರಿಗೆ ತರಬೇತಿ ಕೊಡುತ್ತವೆ. ತರಬೇತಿ ಪಡೆದು ಬಂದವನಿಗೆ ಬಾಗಿಲಲ್ಲೇ ಮೂರು ಮೆಟ್ಟಿಲು ಸಿಕ್ಕರೆ ಅವರಾದರೂ ಏನು ಮಾಡಬೇಕು?

ಈಗ ಅವನು ನೆಲಮಹಡಿಯಲ್ಲಿರುವ ಸಣ್ಣ ಆಡಿಟರ್ ಆಫೀಸಿಗೆ ಹೋಗುತ್ತಾನೆ. ಸಂಬಳ ಮೊದಲಿಗಿಂತ ಕಡಿಮೆ, ಅದರಲ್ಲೂ ದೊಡ್ಡ ಪಾಲು ಆಟೋಗೇ ಹೋಗುತ್ತದೆ. ಲಂಡನ್ನಿನ ಹಾಗೆ ನಮ್ಮ ಸರ್ಕಾರವೂ ಆ ಆಟೋ ಖರ್ಚು ಕೊಡುವುದರಿಂದಲೇ ಶುರುಮಾಡಲಿ.