ಸತ್ತ ರೇಡಿಯೋಗೆ ರೇಟು ಜಾಸ್ತಿ

ಪ್ರತಿ ವರ್ಷ ಯಾವುದಾದರೂ ಒಂದು ಭಾನುವಾರದ ಪುರವಣಿಯಲ್ಲಿ ಗ್ರಾಮಫೋನ್ ರೆಕಾರ್ಡು ಮರಳಿ ಬರುತ್ತದೆ. ಈ ವರ್ಷವೂ ಬಂತು, ನೀವೂ ಓದಿರುತ್ತೀರಿ. ಅರ್ಧ ಪುಟದ ಫೋಟೋ. ಲಿನನ್ ಅಂಗಿಯ ಯುವಕ, ಕಿಟಕಿ ಪಕ್ಕ ಮನಿ ಪ್ಲಾಂಟು, ಕೈಯಲ್ಲಿ ಹಬೆಯಾಡುವ ಕಾಫಿ, ಎದುರಿಗೆ ಕಪ್ಪು ತಟ್ಟೆ. ಹಳೆ ರೆಕಾರ್ಡಿನ ಆ ಬೆಚ್ಚನೆಯ ದನಿ ಮೊಬೈಲಿನಲ್ಲಿ ಎಲ್ಲಿ ಬರಬೇಕು ಎಂಬ ಧಾಟಿಯ ಬರಹ. ಫೋಟೋವನ್ನು ಸ್ವಲ್ಪ ಹತ್ತಿರ ಹಿಡಿದು ನೋಡಿದೆ. ಸೂಜಿ ರೆಕಾರ್ಡಿನ ಮೇಲೆ ಇಲ್ಲ, ತನ್ನ ಜಾಗದಲ್ಲೇ ಮಲಗಿದೆ. ಸ್ಪೀಕರಂತೂ ಇಡೀ ಕೋಣೆಯಲ್ಲಿ ಎಲ್ಲೂ ಇಲ್ಲ. ಬೆಚ್ಚಗಿದ್ದದ್ದು ಕಾಫಿ ಒಂದೇ.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಸಂಗೀತ ಮಾರಾಟದ ಲೆಕ್ಕ ಇಡುವ ಲುಮಿನೇಟ್ ಅಂತ ಒಂದು ಸಂಸ್ಥೆ ಇದೆ. 2023ರಲ್ಲಿ ಅವರು ಕೊಟ್ಟ ಲೆಕ್ಕ ಹೀಗಿತ್ತು: ಹಿಂದಿನ 12 ತಿಂಗಳಲ್ಲಿ ರೆಕಾರ್ಡು ಕೊಂಡವರ ಪೈಕಿ ಪ್ಲೇಯರ್ ಇಟ್ಟುಕೊಂಡವರು ಶೇ 50 ಮಂದಿ. ಉಳಿದ ಅರ್ಧ ಜನ ಅದನ್ನು ಏನು ಮಾಡುತ್ತಾರೋ ದೇವರಿಗೇ ಗೊತ್ತು. ಆದರೂ ನನಗೆ ಅವರ ಮೇಲೆ ಗೌರವವಿದೆ. ರೆಕಾರ್ಡು ಸವೆಯುವುದಿಲ್ಲ, ಕರೆಂಟು ಉರಿಯುವುದಿಲ್ಲ, ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವುದಿಲ್ಲ. ಸಂಗೀತಪ್ರೇಮಿ ಅಂದರೆ ಇಷ್ಟು ಸಭ್ಯನಾಗಿರಬೇಕು.

ನಮ್ಮವರು ಇದನ್ನೂ ಮೀರಿಸಿದ್ದಾರೆ. ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ನೆಲದ ಮೇಲೆ ಟಾರ್ಪಾಲು ಹಾಸಿ ಒಂದು ಟೂ-ಇನ್-ಒನ್, ಅದೇ ರೇಡಿಯೋ, ಕ್ಯಾಸೆಟ್ ಎರಡೂ ಇರುವ ಪೆಟ್ಟಿಗೆ, ಇಟ್ಟಿದ್ದರು. ಏರಿಯಲ್ ಅರ್ಧಕ್ಕೆ ಮುರಿದಿದೆ. ಬ್ಯಾಟರಿ ಡಬ್ಬಿಯಲ್ಲಿ ಸೆಲ್ ಸೋರಿ ಸ್ಪ್ರಿಂಗುಗಳು ಹಸಿರಾಗಿವೆ. ಯಾರ ಮನೆಯದೋ ಏನೋ, ಪ್ಲೇ ಬಟನ್ ಮೇಲೆ ಗುರುತಿಗೆ ಕೆಂಪು ನೈಲ್ ಪಾಲಿಶ್ ಹಚ್ಚಿದ್ದು ಹಾಗೇ ಇದೆ. ಬೆಲೆ ಹನ್ನೆರಡು ಸಾವಿರ.

'ಓಡುತ್ತಾ ಅಣ್ಣಾ?' ಅಂದೆ.

'ಓಡೋದು ಬೇಕಂದ್ರೆ ಆ ಕಡೆ ಬ್ಲೂಟೂತ್ ಐತೆ ಸಾರ್, ಆರ್ನೂರು. ಇದು ಆ್ಯಂಟಿಕ್.'

'ರಿಪೇರಿ ಮಾಡಿಸಿದ್ರೆ?'

'ಅಯ್ಯೋ, ಮಾಡಿಸ್ಬೇಡಿ ಸಾರ್. ಒರಿಜಿನಲ್ ಹಾಳಾಗೋಗ್ತದೆ.'

ಈ ಮನುಷ್ಯನನ್ನು ಯಾವುದಾದರೂ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಪಾಠಕ್ಕೆ ಕೂರಿಸಬೇಕು. ಇದೇ ಪೆಟ್ಟಿಗೆ ಗಲ್ಫಿನಿಂದ ಬಂದ ಕಾಲದಲ್ಲಿ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಷೋಕೇಸಿನಲ್ಲಿ ಕೂರಿಸಿ, ಮಕ್ಕಳು ಮುಟ್ಟಿದರೆ ಬೆನ್ನಿಗೆ ಬಾರಿಸುತ್ತಿದ್ದರು. ಆಮೇಲೆ ಸಿ.ಡಿ. ಬಂತು, ಇದು ಅಟ್ಟ ಸೇರಿತು. ಆಮೇಲೆ ಗುಜರಿಯವನು ತೂಕ ಹಾಕಿ ಕಿಲೋ ಲೆಕ್ಕದಲ್ಲಿ ಎತ್ತಿಕೊಂಡು ಹೋದ. ಕೆಲಸ ಮಾಡುತ್ತಿದ್ದಾಗ ಕಿಲೋಗೆ ಚಿಲ್ಲರೆ ಕಾಸು, ಪ್ರಾಣ ಹೋದ ಮೇಲೆ ಹನ್ನೆರಡು ಸಾವಿರ. ನಮ್ಮ ನಾಡಿನ ಹಿರಿಯ ಕಲಾವಿದರಿಗೂ ಇದೇ ದರಪಟ್ಟಿ ಇದೆ ಅನ್ನಿ.

ಹಿತ್ತಾಳೆ ಕಹಳೆಯ ಗ್ರಾಮಫೋನಿನದು ಇನ್ನೊಂದು ಮಜಾ. ಎಲ್ಲಿಂದಲೋ ಕಿತ್ತ ಹಳೆ ಸ್ಪ್ರಿಂಗ್ ಮೋಟಾರು, ಮೊನ್ನೆ ಮೊನ್ನೆ ಮಾಡಿದ ಮರದ ಪೆಟ್ಟಿಗೆ, ಫಳಫಳ ಹೊಳೆಯುವ ಹೊಸ ಕಹಳೆ, ಮೇಲೊಂದು ಎಚ್‌ಎಂವಿ ನಾಯಿಯ ಸ್ಟಿಕರು. ನೂರು ವರ್ಷ ಹಳೆಯದು ಅಂತ ಮಾರುತ್ತಾರೆ. ಇದನ್ನು ಕೊಂಡ ಒಬ್ಬ ಮಹಾಶಯರು ಗೃಹಪ್ರವೇಶದ ದಿನ ಬಂದವರ ಎದುರು ಕೀ ಕೊಟ್ಟು ನುಡಿಸಿಯೇಬಿಟ್ಟರು. ಹಾಕಿದ್ದು ಎಪ್ಪತ್ತರ ದಶಕದ ಎಲ್‌ಪಿ. ಈ ಯಂತ್ರಕ್ಕೆ ಬೇಕಾದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ರೆಕಾರ್ಡು. ಅದಕ್ಕೂ ಸ್ಟೀಲ್ ಸೂಜಿಯನ್ನು ಪ್ರತಿ ಬದಿಗೊಮ್ಮೆ ಬದಲಿಸಬೇಕು. ಎಲ್‌ಪಿಯ ಗೆರೆ ಕೂದಲಿನಷ್ಟು ಸಣ್ಣದು, ಗ್ರಾಂಗಟ್ಟಲೆ ಭಾರದ ಮೊಳೆಗೆ ಅದು ಎಷ್ಟರದು? ಸೂಜಿ ಹೋದಲ್ಲೆಲ್ಲ ಕಪ್ಪು ಪುಡಿ ಎದ್ದು ಬರುತ್ತಿತ್ತು. ಗಾಯಕರು ಚಿಪ್‌ಮಂಕಿನ ದನಿಯಲ್ಲಿ ಅಳುತ್ತಿದ್ದರು, ಯಾಕೆಂದರೆ 33ರ ತಟ್ಟೆ 78ರಲ್ಲಿ ತಿರುಗುತ್ತಿತ್ತು. 'ಹಳೇ ಕಾಲದ ದನೀನೇ ಬೇರೆ ಕಣ್ರೀ' ಅಂತ ಒಬ್ಬರು ಕಣ್ಣು ಮುಚ್ಚಿ ತಲೆದೂಗಿದರು. ಊಟಕ್ಕೆ ಏಳಬೇಕಾಗಿತ್ತಲ್ಲ, ನಾನೂ ತಲೆದೂಗಿದೆ.

ಹಳೇ ಕಾಲ ಅಂದರೆ ಎಲ್ಲ ಸತ್ಯವಂತರ ಕಾಲ ಅಂತಲೂ ಅಲ್ಲ. ಪಿಎಂಪಿಓ, ಅಂದರೆ ಸ್ಪೀಕರಿನ ಶಕ್ತಿಯನ್ನು ಉಬ್ಬಿಸಿ ಹೇಳುತ್ತಿದ್ದ ಆ ವಾಟ್ ಲೆಕ್ಕ, ನೆನಪಿದೆಯಾ? ತೊಂಬತ್ತರ ದಶಕದಲ್ಲಿ ಬೆಳೆದವರು ಮರೆಯಲು ಸಾಧ್ಯವೇ ಇಲ್ಲ. ಸ್ಪೀಕರ್ ಡಬ್ಬದ ಮೇಲೆ ಬೆಳ್ಳಿ ಅಕ್ಷರದಲ್ಲಿ '5000 ವಾಟ್ ಪಿಎಂಪಿಓ'. ಮನೆಯ ಗೋಡೆಯ ಸಾಮಾನ್ಯ ಸ್ವಿಚ್ಚು 6 ಆಂಪಿಯರಿನದು. 230 ವೋಲ್ಟಿಗೆ ಗುಣಿಸಿದರೆ ಅದರಿಂದ ಬರುವುದೇ 1380 ವಾಟ್. ಐದು ಸಾವಿರ ಅಂದರೆ ಎರಡೂವರೆ ಗೀಸರ್. ಆ ಡಬ್ಬಕ್ಕೆ ಕೊಟ್ಟಿದ್ದು ಮಾತ್ರ 12 ವೋಲ್ಟ್ 2 ಆಂಪಿಯರಿನ ಅಡಾಪ್ಟರು. 24 ವಾಟ್ ಒಳಗೆ ಹೋಗಿ 5000 ವಾಟ್ ಹೊರಗೆ! ಇಂಧನದ ಸಮಸ್ಯೆಯನ್ನು ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಆಗಲೇ ಬಗೆಹರಿಸಿದ್ದರು, ಸರ್ಕಾರಗಳು ಗಮನಿಸಲಿಲ್ಲ ಅಷ್ಟೆ. ಒಳಗೆ ಬಿಚ್ಚಿ ನೋಡಿದರೆ ಒಂದು 4440 ಐಸಿ, ದನಿ ಹಿಗ್ಗಿಸುವ ಪುಟ್ಟ ಚಿಪ್. ಎರಡು ಚಾನಲ್ಲಿಗೆ ತಲಾ 6 ವಾಟ್ ಕೊಡುವ ಪಾಪದ ಪ್ರಾಣಿ. ಆಟೋದಲ್ಲಿ, ಟೆಂಪೋದಲ್ಲಿ, ಹೋಟೆಲಿನ ಗಲ್ಲಾದ ಮೇಲೆ ಇಡೀ ಕರ್ನಾಟಕವನ್ನು ಕುಣಿಸಿದ್ದು ಈ 4440. ಅದಕ್ಕೊಂದು ಪ್ರತಿಮೆ ನಿಲ್ಲಿಸಿದರೆ ನಾನು ಚಂದಾ ಕೊಡುತ್ತೇನೆ.

1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಶುರು ಮಾಡಿದಾಗ ಅವರ ಹತ್ತಿರ ಇದ್ದದ್ದು 30 ವಾಟಿನ ಟ್ರಾನ್ಸ್‌ಮಿಟರು. ಅಷ್ಟರಲ್ಲೇ ಊರಿಗೆಲ್ಲ ಪಾಠ, ಸಂಗೀತ ಕೇಳಿಸಿದರು. ಪಾಪ, ಪಿಎಂಪಿಓ ಲೆಕ್ಕ ಗೊತ್ತಿದ್ದರೆ ಲಂಡನ್ನಿಗೇ ಕೇಳಿಸಬಹುದಿತ್ತು. (ರೇಡಿಯೋ ವಾಟೇ ಬೇರೆ, ಸ್ಪೀಕರ್ ವಾಟೇ ಬೇರೆ ಅಂತ ಎಂಜಿನಿಯರುಗಳು ಪತ್ರ ಬರೆಯಬೇಡಿ. ಗೊತ್ತು.)

ಬಡವರ ಸುಳ್ಳು ಪಿಎಂಪಿಓ ಆದರೆ ಶ್ರೀಮಂತರ ಸುಳ್ಳು ಕೇಬಲ್ಲು. ಶುದ್ಧ ತಾಮ್ರದ, ಬೆಳ್ಳಿ ಲೇಪದ ವೈರು ಹಾಕಿದರೆ ಹಾಡು ಇನ್ನೂ ಚೆನ್ನಾಗಿ ಕೇಳುತ್ತದಂತೆ. ಶರಾವತಿಯಿಂದ ನೂರಾರು ಕಿಲೋಮೀಟರ್ ಅಲ್ಯೂಮಿನಿಯಂ ತಂತಿಯಲ್ಲಿ ಬಂದು, ಅಳಿಲು ಓಡಾಡುವ ಕಂಬ ದಾಟಿ, ಬಿಲ್ಡರು ಹಾಕಿಸಿದ ಅಗ್ಗದ ವೈರಿನಲ್ಲಿ ಗೋಡೆಯೊಳಗೆ ನುಸುಳಿದ ಕರೆಂಟು, ಕೊನೆಯ ಒಂದೂವರೆ ಮೀಟರಿನಲ್ಲಿ ಮಡಿಯಾಗುತ್ತದಂತೆ. 2007ರಲ್ಲಿ ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರ 7,250 ಡಾಲರಿನ ಸ್ಪೀಕರ್ ವೈರನ್ನು ಮುಂದಿಟ್ಟು, ಕಣ್ಣಿಗೆ ಕಾಣದ ಹಾಗೆ ಜೋಡಿಸುತ್ತೇವೆ, ಮಾಮೂಲಿ ವೈರಿಗೂ ಇದಕ್ಕೂ ವ್ಯತ್ಯಾಸ ಹೇಳಿ, ಹತ್ತು ಲಕ್ಷ ಡಾಲರ್ ಕೊಡುತ್ತೇನೆ ಅಂದ. ಕೊನೆಗೆ ಪರೀಕ್ಷೆಯೇ ನಡೆಯಲಿಲ್ಲ. ಹತ್ತು ಲಕ್ಷ ಡಾಲರ್ ಬೇಡ ಅನ್ನುವಷ್ಟು ವೈರಾಗ್ಯ ಸಾಮಾನ್ಯರಿಗೆ ಬರುತ್ತಾ?

ಇದಕ್ಕಿಂತ ಚೆಂದದ್ದು 2022ರ ಕಥೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯ ದುಬಾರಿ ರೆಕಾರ್ಡುಗಳು ಅಂದರೆ ಅಪ್ಪಟ ಅನಲಾಗ್, ಮೂಲ ಟೇಪಿನಿಂದ ನೇರವಾಗಿ ತಟ್ಟೆಗೆ, ಡಿಜಿಟಲ್ಲಿನ ಸೋಂಕೇ ಇಲ್ಲ ಅಂತ ಭಕ್ತರ ನಂಬಿಕೆ. ಮೈಕೆಲ್ ಜಾಕ್ಸನ್‌ನ ಒಂದು ರೆಕಾರ್ಡನ್ನು ಆ ಕಂಪನಿ 40,000 ಪ್ರತಿ ತರುತ್ತೇವೆ ಅಂದಾಗ ಕೆಲವರಿಗೆ ಅನುಮಾನ ಬಂತು. ಹಳೇ ಮೂಲ ಟೇಪನ್ನು ಅಷ್ಟು ಸಲ ಓಡಿಸಲು ಯಾರು ಬಿಡುತ್ತಾರೆ? ಕೇಳಿದರೆ, 2011ರಿಂದಲೇ ನಡುವೆ ಒಂದು ಡಿಜಿಟಲ್ ಹಂತ ಇತ್ತು! ಹನ್ನೊಂದು ವರ್ಷ 'ಡಿಜಿಟಲ್ ಕೇಳಿದರೆ ನನಗೆ ತಲೆನೋವು' ಅನ್ನುತ್ತಿದ್ದ ಚಿನ್ನದ ಕಿವಿಗಳಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಾದ ಕೂಡಲೇ ಕೋರ್ಟಿಗೆ ಹೋದರು. 2.5 ಕೋಟಿ ಡಾಲರಿಗೆ ರಾಜಿಯಾಯಿತು. ತಲೆನೋವು ಪ್ರೆಸ್ ನೋಟ್ ಓದಿದ ಮೇಲೆ ಶುರುವಾಯಿತು ಅಂತ ಕಾಣುತ್ತದೆ.

ಹಾಗಾದರೆ ನಮ್ಮಂಥವರು ಹಳೆ ಸಾಮಾನಿನಲ್ಲಿ, ಕಡಿಮೆ ದುಡ್ಡಿನಲ್ಲಿ ಒಳ್ಳೆ ಹಾಡು ಕೇಳುವ ಹಾಗೇ ಇಲ್ಲವಾ? ಧಾರಾಳವಾಗಿ ಇದೆ, ಅದೇ ಬೇಜಾರಿನ ಸಂಗತಿ. ಆಮದು ಮಾಡಿಕೊಳ್ಳುವುದು ಕಷ್ಟವಿದ್ದ ಕಾಲದಲ್ಲಿ ಸೋನೋಡೈನ್, ಕಾಸ್ಮಿಕ್, ನಾರ್ಜ್ ಅಂತ ನಮ್ಮವರೇ ಗಟ್ಟಿಮುಟ್ಟಾದ ಆಂಪ್ಲಿಫೈಯರ್ ಮಾಡಿದ್ದರು. ಎತ್ತಿದರೆ ಸೊಂಟ ಹಿಡಿಯಬೇಕು, ಅಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್. ಅವುಗಳಲ್ಲಿ ಸಾಯುವುದು ಮೂರ್ನಾಲ್ಕು ಭಾಗ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ, ಸ್ವಿಚ್ಚು ಕಿಲುಬು ಹಿಡಿಯುತ್ತದೆ, ಬೆಸುಗೆ ಬಿಡುತ್ತದೆ. ಬಿಡಿಭಾಗಕ್ಕೆ ಕೆಲವೇ ನೂರು ರೂಪಾಯಿ. ಸ್ಪೀಕರಿನ ಅಂಚಿನ ಫೋಮು ಪುಡಿಯಾಗಿದ್ದರೆ ಹೊಸ ಫೋಮು ತಂದು ಅಂಟಿಸಬಹುದು. ರೆಕಾರ್ಡು ಕೇಳಲೇಬೇಕು ಅಂದರೆ ಆ ಸೂಟ್‌ಕೇಸ್ ಥರದ ಮುದ್ದು ಪ್ಲೇಯರ್ ಬೇಡ. ಅದರ ಸೆರಾಮಿಕ್ ಕಾರ್ಟ್ರಿಜ್, ಅಂದರೆ ಸೂಜಿ ಕೂತಿರುವ ತಲೆ, ಐದು ಗ್ರಾಂ ಭಾರ ಹಾಕಿ ಉಳುತ್ತದೆ. ಒಳ್ಳೆ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಎರಡು ಗ್ರಾಂ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಅದರಿಂದ ಬರುವುದು ಕೆಲವೇ ಮಿಲಿವೋಲ್ಟ್, ಹಾಗಾಗಿ ಅದನ್ನು ಮೊದಲು ಹಿಗ್ಗಿಸಲು ಫೋನೋ ಪ್ರೀಆಂಪ್ ಬೇಕು. ರೆಕಾರ್ಡು ಬೇಡವಾದರೆ ಅದೇ ಆಂಪ್ಲಿಫೈಯರಿಗೆ ಮೊಬೈಲನ್ನೇ ವೈರಿನಲ್ಲಿ ಜೋಡಿಸಿ. ಎರಡು ಸ್ಪೀಕರನ್ನು ಕಿವಿಯ ಮಟ್ಟಕ್ಕೆ ತನ್ನಿ, ಹಿಂದೊಂದು ಪುಸ್ತಕದ ಕಪಾಟು, ನೆಲಕ್ಕೊಂದು ಜಮಖಾನ. ತಂಬೂರಿ ಎಲ್ಲಿ ಕೂತಿದೆ ಅಂತ ಬೆರಳು ಮಾಡಿ ತೋರಿಸಬಹುದು.

ಸಂಜೆ ಏಳಕ್ಕೆ ಎದುರು ಸೈಟಿನಲ್ಲಿ ಬೋರ್‌ವೆಲ್ ಲಾರಿ ಬಂದು ನಿಲ್ಲುವ ತನಕ, ಅನ್ನಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಒಳ್ಳೆ ಹಾಸ್ಯ. ನಮ್ಮ ಬೀದಿಯ ಕುಕ್ಕರ್ ವಿಸಿಲ್ಲೇ ಅದನ್ನು ದಾಟುತ್ತದೆ.

ಅದನ್ನೂ ಸಹಿಸಬಹುದು. ರೇಡಿಯೋಗ್ರಾಮ್ ಬಾರ್ ವಿಷಯಕ್ಕೆ ಬಂದರೆ ಮಾತ್ರ ನನಗೆ ನಗು ಬರುವುದಿಲ್ಲ. ರೇಡಿಯೋ, ರೆಕಾರ್ಡ್ ಪ್ಲೇಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ತೇಗದ ಹಳೆ ರೇಡಿಯೋಗ್ರಾಮ್ ತಂದು, ಒಳಗಿದ್ದದ್ದನ್ನೆಲ್ಲ ಕಿತ್ತು, ಕನ್ನಡಿ ಅಂಟಿಸಿ, ಎಲ್‌ಇಡಿ ಪಟ್ಟಿ ಹಾಕಿ, ಬಾಟಲಿ ಜೋಡಿಸುತ್ತಾರೆ. ಕೆಫೆಗಳಲ್ಲಿ ಮರ್ಫಿ ರೇಡಿಯೋ ಕೊರೆದು ಟಿಶ್ಯೂ ಪೇಪರ್ ಇಡುತ್ತಾರೆ. ಇದಕ್ಕೆ 'ಪರಂಪರೆ' ಅನ್ನುತ್ತಾರೆ. ಯಾವನಯ್ಯಾ ಅದು ಪರಂಪರೆ ಅಂದವನು? ಮನೆಯಲ್ಲಿ ರೇಡಿಯೋ ಇಡಲು ವರ್ಷ ವರ್ಷ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ದುಡ್ಡು ಕಟ್ಟುತ್ತಿದ್ದ ಕಾಲವಿತ್ತು. ಒಂದು ಮನೆಯ ರೇಡಿಯೋಗೆ ಓಣಿಯವರೆಲ್ಲ ಬಂದು ಕೂರುತ್ತಿದ್ದರು. ಆ ಜನ ಕೇಳಿದ್ದು ಮರದ ಪೆಟ್ಟಿಗೆಯನ್ನಲ್ಲ. ಇದನ್ನು ರಿಪೇರಿ ಮಾಡುತ್ತಿದ್ದವರ ಅಂಗಡಿಗಳು ಮೊಬೈಲ್ ಕವರ್ ಅಂಗಡಿಗಳಾಗಿವೆ. ಉಳಿದಿರುವ ಒಬ್ಬಿಬ್ಬರು ಕನ್ನಡಕ ಹಣೆಗೇರಿಸಿ, ಟಿ.ವಿ. ರಿಮೋಟು ರಿಪೇರಿ ಮಾಡಿಕೊಂಡು ಕೂತಿದ್ದಾರೆ. ಅವರಿಗೆ ಇನ್ನೂರು ರೂಪಾಯಿ ಕೊಡಲು ಚೌಕಾಸಿ ಮಾಡುವ ಮಂದಿಯೇ ಸತ್ತ ಪೆಟ್ಟಿಗೆಗೆ ಮೂವತ್ತು ಸಾವಿರ ಎಣಿಸುತ್ತಾರೆ. ಸಾಕಾಗಿ ಹೋಗಿದೆ.

ಇಂಟೀರಿಯರ್ ಡಿಸೈನ್ ಮಾಡುವ ಬಂಧುಗಳಲ್ಲಿ ಒಂದು ವಿನಂತಿ. ಪೆಟ್ಟಿಗೆ ನೀವೇ ಇಟ್ಟುಕೊಳ್ಳಿ. ಕನ್ನಡಿ ಹಾಕಿ, ಬಾಟಲಿ ಇಡಿ, ನಾಯಿ ಸ್ಟಿಕರೂ ಅಂಟಿಸಿ. ಒಳಗಿನ ಷಾಸಿ, ವಾಲ್ವು, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಕಸದ ಗಾಡಿಗೆ ಎಸೆಯುವ ಮೊದಲು ನನಗೊಂದು ಮಾತು ಹೇಳಿ. ಆಟೋ ಮಾಡಿಕೊಂಡು ನಾನೇ ಬರುತ್ತೇನೆ. ಬೇಕಾದರೆ ತೂಕ ಹಾಕಿ, ಗುಜರಿ ರೇಟಿಗಿಂತ ಹತ್ತು ರೂಪಾಯಿ ಜಾಸ್ತೀನೇ ಕೊಡುತ್ತೇನೆ.