ಸಮುದ್ರ ಇಲ್ಲದ್ದೊಂದೇ ಕಾರಣನಾ?

ಲೇಖನ ಚೆನ್ನಾಗಿದೆ, ಆದರೆ ಆಫ್ರಿಕಾದ ಜಾಂಬಿಯಾ ದೇಶದ ಕಷ್ಟಕ್ಕೆಲ್ಲ ಸಮುದ್ರ ಇಲ್ಲದಿರುವುದೇ ಕಾರಣ ಎಂದು ಬರೆದಿದ್ದೀರಲ್ಲ ಸರ್, ಅದನ್ನು ಒಪ್ಪುವುದು ಕಷ್ಟ. ಸುತ್ತ ಎಂಟು ದೇಶಗಳಿವೆ. ದಾರಿಗಳಿಗೇನೂ ಬರ ಇಲ್ಲ, ಅವುಗಳ ಸ್ಥಿತಿ ನೋಡಬೇಕು. 1973ರಲ್ಲಿ ರೊಡೇಷಿಯಾ (ಈಗಿನ ಜಿಂಬಾಬ್ವೆ) ಜೊತೆಗಿನ ಗಡಿ ಮುಚ್ಚಿತು. ಜಾಂಬಿಯಾದ ಮುಖ್ಯ ರಫ್ತೇ ತಾಮ್ರ, ಅದು ಹೊರಗೆ ಹೋಗಬೇಕಲ್ಲ, ಆಗ ಆಸರೆಯಾಗಿದ್ದು ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟು ಕಟ್ಟಿಸುತ್ತಿದ್ದ ತಾಜಾರಾ ರೈಲು ಮಾರ್ಗ. ಜಾಂಬಿಯಾದ ಕಪಿರಿ ಎಂಪೋಶಿಯಿಂದ ತಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿನವರೆಗೆ ಸುಮಾರು 1,860 ಕಿ.ಮೀ., 1970ರಲ್ಲಿ ಶುರುವಾಗಿ 1975ಕ್ಕೆಲ್ಲ ಹಳಿ ಹಾಕಿ ಮುಗಿದಿತ್ತು! ಆಮೇಲೆ? ಇಂಜಿನ್ ಸಾಲದು, ವ್ಯಾಗನ್ ಸಾಲದು, ರಿಪೇರಿಗೆ ದುಡ್ಡಿಲ್ಲ. ಸರಕೆಲ್ಲ ಲಾರಿ ಹತ್ತಿತು.

ಲಾರಿಗಳ ಪಾಡೂ ಅಷ್ಟೇ. 2021ರಲ್ಲಿ ಬೋಟ್ಸ್ವಾನಾ ಕಡೆಗೆ ಕಜುಂಗುಲಾ ಸೇತುವೆ ಆಗುವ ಮುಂಚೆ ಜಾಂಬೆಜಿ ನದಿ ದಾಟಲು ಫೆರಿಗಾಗಿ ದಿನಗಟ್ಟಲೆ ಸಾಲು ನಿಲ್ಲುತ್ತಿದ್ದವು. (ಜಿಂಬಾಬ್ವೆ ಗಡಿಯೊಳಗೆ ಹೋಗಬಾರದು ಅಂತ ಆ ಸೇತುವೆಯನ್ನು ಬಾಗಿಸಿ ಕಟ್ಟಿದ್ದಾರೆ, ಮ್ಯಾಪಿನಲ್ಲಿ ನೋಡಿ, ಮಜವಾಗಿದೆ.)

ಇನ್ನು ಕರೆಂಟ್ ವಿಷಯ ನೀವು ಎತ್ತಲೇ ಇಲ್ಲ. ಅಲ್ಲಿ ಜಾಸ್ತಿ ಭಾಗ ಜಲವಿದ್ಯುತ್. 2024ರ ಬರದಲ್ಲಿ ಆ ವಿದ್ಯುತ್ತಿನ ದೊಡ್ಡ ಮೂಲವಾದ ಕರೀಬಾ ಜಲಾಶಯದ ನೀರು ಎಷ್ಟು ಇಳಿಯಿತೆಂದರೆ, ರಾಜಧಾನಿ ಲುಸಾಕಾದಲ್ಲೂ ದಿನದ ಹೆಚ್ಚು ಹೊತ್ತು ಕರೆಂಟ್ ಇರಲಿಲ್ಲ. ವೆಲ್ಡಿಂಗ್ ಅಂಗಡಿ, ಸಲೂನ್ ನಡೆಸುವವರು ಏನು ಮಾಡಬೇಕು? ಇದಕ್ಕೂ ಸಮುದ್ರಕ್ಕೂ ಏನು ಸಂಬಂಧ ಹೇಳಿ.

ಪಕ್ಕದ ಬೋಟ್ಸ್ವಾನಾಗೂ ಸಮುದ್ರ ಇಲ್ಲ, ಆದರೂ ಜಾಂಬಿಯಾಕ್ಕಿಂತ ಅನುಕೂಲವಾಗಿದೆ, ಅಲ್ವಾ? ಆದರೆ ಒಂದು ಮಾತು, ಅವರ ವಜ್ರ ವಿಮಾನದಲ್ಲೇ ಹೋಗಿಬಿಡುತ್ತದೆ, ಇವರ ತಾಮ್ರ ಹಾಗೆ ಹೋಗುವುದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ.